ಟೂರ್ನಿಕೆಟ್ ಬಿಗಿದ ಮೇಲಿನ ಆರು ಗಂಟೆ

ವಿಶೇಷ ಪಡೆಯ ತಂಡದಲ್ಲಿ ಮೆಡಿಕ್ ಆಗಿದ್ದೆ ಅಂದ ಕೂಡಲೇ ಎಲ್ಲರೂ ಕೇಳುವುದು ಒಂದೇ: ಗುಂಡು ಹಾರುತ್ತಿರುವಾಗ ಚಿಕಿತ್ಸೆ ಹೇಗೆ ಮಾಡ್ತಿದ್ರಿ? ನಿಜ ಹೇಳಬೇಕೆಂದರೆ ಆಗ ಚಿಕಿತ್ಸೆ ಅನ್ನುವುದು ಹೆಚ್ಚೇನೂ ಇರುವುದಿಲ್ಲ. ತಿರುಗಿ ಗುಂಡು ಹಾರಿಸಬೇಕು, ಗಾಯಾಳುವನ್ನು ಮರೆಗೆ ಎಳೆಯಬೇಕು, ಕೈಯಿಂದಲೋ ಕಾಲಿನಿಂದಲೋ ರಕ್ತ ಚಿಮ್ಮುತ್ತಿದ್ದರೆ ಬಟ್ಟೆಯ ಮೇಲೆಯೇ, ಆದಷ್ಟು ಮೇಲಕ್ಕೆ ಟೂರ್ನಿಕೆಟ್ (ಕೋಲು ತಿರುಗಿಸಿ ಬಿಗಿದು ರಕ್ತ ನಿಲ್ಲಿಸುವ ಪಟ್ಟಿ) ಬಿಗಿಯಬೇಕು. ಮಿಕ್ಕಿದ್ದೆಲ್ಲ ಆಮೇಲೆ.

ಈಗ ಇದು ಸಾಮಾನ್ಯ ಜ್ಞಾನ ಅನ್ನಿಸುತ್ತದೆ. ಆದರೆ ಒಂದು ಕಾಲದಲ್ಲಿ ಸೇನೆಯ ಮೆಡಿಕ್‌ಗಳಿಗೂ ರಸ್ತೆ ಅಪಘಾತದ ಆಂಬುಲೆನ್ಸ್ ಪಾಠವನ್ನೇ ಹೇಳಿಕೊಡುತ್ತಿದ್ದರು. ಟೂರ್ನಿಕೆಟ್ ಕಟ್ಟಿದರೆ ಕಾಲೇ ಹೋಗುತ್ತದೆ, ಅದು ಕಟ್ಟಕಡೆಯ ಉಪಾಯ ಎಂಬ ಹೆದರಿಕೆ ಇತ್ತು. ಅಮೆರಿಕದ ನೌಕಾಪಡೆಯ ವೈದ್ಯ ಫ್ರಾಂಕ್ ಬಟ್ಲರ್ ಮತ್ತು ಸಂಗಡಿಗರು 1996ರಲ್ಲಿ ಬರೆದ ಲೇಖನ ಈ ಕ್ರಮವನ್ನೇ ತಲೆಕೆಳಗು ಮಾಡಿತು. (ಬಟ್ಲರ್ ಮೊದಲು ನೌಕಾಪಡೆಯ ಕಮಾಂಡೊಗಳಾದ ಸೀಲ್ ಪಡೆಯವರು, ಆಮೇಲೆ ಕಣ್ಣಿನ ಡಾಕ್ಟರ್. ರಕ್ತಸ್ರಾವದ ಪಾಠ ಕಣ್ಣಿನ ಡಾಕ್ಟರಿಂದ ಬಂತಲ್ಲ ಎಂದು ನಮ್ಮಲ್ಲಿ ನಗುತ್ತಿದ್ದೆವು.) 2001ರಿಂದ 2011ರವರೆಗೆ ಯುದ್ಧಭೂಮಿಯಲ್ಲಿ ಸತ್ತ 4,596 ಅಮೆರಿಕನ್ ಸೈನಿಕರ ದಾಖಲೆಗಳನ್ನು ಪರಿಶೀಲಿಸಿದಾಗ, ಆಸ್ಪತ್ರೆ ಮುಟ್ಟುವ ಮೊದಲೇ ಸತ್ತವರಲ್ಲಿ ಸುಮಾರು ಕಾಲು ಭಾಗ ಜನ ಉಳಿಯಬಹುದಿತ್ತು ಎಂದು ಕಂಡಿತು. ಅವರಲ್ಲಿ ಹತ್ತಕ್ಕೆ ಒಂಬತ್ತು ಮಂದಿ ಸತ್ತದ್ದು ರಕ್ತಸ್ರಾವದಿಂದ.

ನಾನು ಹೇಳಹೊರಟಿದ್ದು ಒಂದು ರಾತ್ರಿಯ ವಿಷಯ. ನಮ್ಮವನೊಬ್ಬನಿಗೆ ತೊಡೆಗೆ ಗುಂಡು ಬಿತ್ತು. ನಾನು ತಲುಪುವಷ್ಟರಲ್ಲಿ ಟೂರ್ನಿಕೆಟ್ ಅವನೇ ಕಟ್ಟಿಕೊಂಡಿದ್ದ. ತಂಡದ ಪ್ರತಿಯೊಬ್ಬನಿಗೂ ಅದನ್ನು ಕಲಿಸುವುದು ಇದಕ್ಕೇ, ಮೆಡಿಕ್ ಬರಲಿ ಎಂದು ಕಾದರೆ ಮೂರು ನಿಮಿಷದಲ್ಲಿ ಕಥೆ ಮುಗಿಯಬಹುದು. ಮರೆಗೆ ಬಂದ ಮೇಲೆ ಕತ್ತರಿಯಿಂದ ಪ್ಯಾಂಟು ಸೀಳಿ ನೋಡಿದೆ, ರಕ್ತ ನಿಂತಿತ್ತು. ಬೆನ್ನು, ಎದೆ, ಕಂಕುಳು ಸವರಿದೆ, ಬೇರೆ ತೂತು ಇರಲಿಲ್ಲ. ಸ್ಟ್ರೆಚರ್ ಮೇಲೆ ಹಾಕಿ ಕಲ್ಲುಮುಳ್ಳಿನ ಇಳಿಜಾರಿನಲ್ಲಿ ಹೊತ್ತು ಸಾಗಿದೆವು.

ಇಲ್ಲಿ ನಾನು ತಪ್ಪಿದೆ. ಹೊತ್ತು ಇಳಿಸಿದ ಮೇಲೆ ಟೂರ್ನಿಕೆಟನ್ನು ಮತ್ತೆ ಮುಟ್ಟಿ ನೋಡಲಿಲ್ಲ, ಡ್ರಿಪ್ ಹಾಕಲು ಕೈಯ ನರ ಹುಡುಕುತ್ತಾ ಕೂತೆ. ತಲೆಗೆ ಕಟ್ಟಿದ್ದ ಕೆಂಪು ದೀಪದಲ್ಲಿ ರಕ್ತ ಕಾಣುವುದೇ ಇಲ್ಲ, ಒದ್ದೆ ಬಟ್ಟೆಯಂತೆ ಕಾಣುತ್ತದೆ. ಅವನೇ, "ಡಾಕ್ಟ್ರೇ, ಕೆಳಗೆ ಬೆಚ್ಚಗಾಗ್ತಿದೆ," ಎಂದ. ಕೈ ತೂರಿಸಿದೆ. ತೊಡೆಯಡಿ ಹೆಪ್ಪುಗಟ್ಟದ ರಕ್ತ ಮಡುಗಟ್ಟಿತ್ತು. ಪಟ್ಟಿಯ ಸಡಿಲನ್ನು ಪೂರ್ತಿ ಎಳೆಯದೆ ಕೋಲು ತಿರುಗಿಸಿದ್ದರಿಂದ ಅದು ಅಲುಗಾಟಕ್ಕೆ ಜಾರಿತ್ತು. ಅರೆಬಿಗಿ ಟೂರ್ನಿಕೆಟ್ ಕಟ್ಟದೇ ಇರುವುದಕ್ಕಿಂತ ಕೆಟ್ಟದ್ದು: ಹಿಂದಿರುಗುವ ಸಿರೆಯನ್ನು ಮುಚ್ಚುತ್ತದೆ, ಧಮನಿಯನ್ನು ತೆರೆದೇ ಇಡುತ್ತದೆ. ಗಾಯದಿಂದ ನಾಲ್ಕು ಬೆರಳಷ್ಟು ಮೇಲೆ, ಬರಿಯ ಚರ್ಮದ ಮೇಲೆ, ಎರಡನೆಯದನ್ನು ಬಿಗಿದೆ. ಅವನು ಹಲ್ಲು ಕಚ್ಚಿಕೊಂಡು ಕಿರುಚಿದ. ಪಾದದ ನಾಡಿ ನಿಂತಿದ್ದನ್ನು ಖಾತ್ರಿ ಮಾಡಿಕೊಂಡು, ಹೊತ್ತು ಬರೆದು, ನಿಧಾನವಾಗಿ ನೋವಿಗೆ ಕೆಟಮೈನ್ ಕೊಟ್ಟೆ.

ಅಷ್ಟರಲ್ಲಿ ರೇಡಿಯೋದಲ್ಲಿ ಬಂತು: ಮೋಡ ಕವಿದಿದೆ, ಹೆಲಿಕಾಪ್ಟರ್ ಬರುವುದಿಲ್ಲ. ಎಷ್ಟು ಹೊತ್ತು ಎಂದು ಯಾರೂ ಹೇಳಲಿಲ್ಲ.

ಮಣಿಕಟ್ಟಿನ ನಾಡಿ ಸಿಗುತ್ತಿರಲಿಲ್ಲ, ಮಾತು ತೊದಲುತ್ತಿತ್ತು. ಉಪ್ಪುನೀರಿನ ಡ್ರಿಪ್ ಸುರಿದರೆ ರಕ್ತ ತೆಳುವಾಗುತ್ತದೆಯೇ ಹೊರತು ಆಮ್ಲಜನಕ ಹೊರುವುದಿಲ್ಲ. ಬೇಕಾದದ್ದು ರಕ್ತವೇ. ಹೊರಡುವ ಮೊದಲೇ ಯಾರದು ಓ ಗುಂಪು, ಅವರಲ್ಲಿ ಯಾರಿಗೆ ಬೇರೆ ಗುಂಪಿನ ರಕ್ತದ ಮೇಲೆ ದಾಳಿ ಮಾಡುವ ಪ್ರತಿಕಾಯ ಕಡಿಮೆ ಎಂದು ಪರೀಕ್ಷೆ ಮಾಡಿಸಿ ಪಟ್ಟಿ ಇಟ್ಟಿರುತ್ತೇವೆ. ಪಟ್ಟಿಯ ಮೊದಲಿನವನು ಅಂಗಿಯ ತೋಳು ಮಡಚಿ ಬಂದು ಕೂತ. ಅವನಿಂದ ಒಂದು ಚೀಲ, ಸುಮಾರು 450 ಮಿಲಿ, ತೆಗೆದು ಬಿಸಿ ಆರುವ ಮೊದಲೇ ಇವನಿಗೆ ಹಾಕಿದೆ. ಜೊತೆಗೆ ಕ್ಯಾಲ್ಸಿಯಂ 1 ಗ್ರಾಂ, ಏಕೆಂದರೆ ರಕ್ತ ಹೆಪ್ಪುಗಟ್ಟದಂತೆ ಚೀಲದಲ್ಲಿ ಹಾಕಿರುವ ಸಿಟ್ರೇಟ್ ದೇಹದ ಕ್ಯಾಲ್ಸಿಯಂ ಹಿಡಿದಿಡುತ್ತದೆ. ಕಟ್ಟಿದ ಹೆಪ್ಪು ಕರಗದಂತೆ ತಡೆಯುವ ಟ್ರಾನೆಕ್ಸಾಮಿಕ್ ಆಸಿಡ್ 2 ಗ್ರಾಂ ಆಗಲೇ ಹೋಗಿತ್ತು. ಗಾಯವಾದ ಮೂರು ಗಂಟೆಯೊಳಗೆ ಅದು ಒಳಗಿರಬೇಕು. ಚೀಲ ಖಾಲಿಯಾಗುವ ಹೊತ್ತಿಗೆ ಮಣಿಕಟ್ಟಿನಲ್ಲಿ ನಾಡಿ ತಟ್ಟಿತು. ಅವನು ನನ್ನನ್ನು ಬೈದ. ಆ ಬೈಗುಳ ಸ್ಪಷ್ಟವಾಗಿತ್ತು!

ಇನ್ನು ಟೂರ್ನಿಕೆಟ್ ಬಿಚ್ಚುವ ಪ್ರಶ್ನೆ. ಇದಕ್ಕೆ ಧೈರ್ಯ ಬೇಕು. ಗಾಯಾಳು ಶಾಕ್‌ನಲ್ಲಿ (ರಕ್ತ ಕಳೆದು ಒತ್ತಡ ಕುಸಿದ ಸ್ಥಿತಿಯಲ್ಲಿ) ಇರಬಾರದು, ಗಾಯದ ಮೇಲೆ ಕಣ್ಣಿಟ್ಟು ಕೂರಲು ಆಗಬೇಕು, ಕೈಕಾಲು ತುಂಡಾಗಿರಬಾರದು. ಈ ಮೂರೂ ಇದ್ದರೆ ಎರಡು ಗಂಟೆಯೊಳಗೆ ಬ್ಯಾಂಡೇಜಿಗೆ ಬದಲಾಯಿಸಬೇಕು. ಆರು ಗಂಟೆ ದಾಟಿದರೆ ಅಲ್ಲಿ ಬಿಚ್ಚುವ ಮಾತೇ ಇಲ್ಲ, ಸತ್ತ ಸ್ನಾಯುವಿನ ವಿಷ ಒಮ್ಮೆಲೇ ನುಗ್ಗಿ ಹೃದಯವನ್ನೇ ನಿಲ್ಲಿಸಬಹುದು. ರಕ್ತ ಬೇಗ ಹೆಪ್ಪುಗಟ್ಟಲೆಂದು ಕೇಯೋಲಿನ್ ಜೇಡಿ ಲೇಪಿಸಿದ ಗಾಜ್ ಬಟ್ಟೆಯನ್ನು ಬೆರಳಿನಿಂದ ಗಾಯದ ತಳದವರೆಗೆ ತುಂಬಿದೆ, ಎರಡು ಕೈಯೂರಿ ಮೂರು ನಿಮಿಷ ಒತ್ತಿ ಹಿಡಿದೆ. ಆ ಮೂರು ನಿಮಿಷ ಬಲು ಉದ್ದ. ಮೇಲೆ ಪ್ರೆಶರ್ ಬ್ಯಾಂಡೇಜ್ ಸುತ್ತಿ, ಕೋಲನ್ನು ಒಂದೊಂದೇ ಸುತ್ತು ಸಡಿಲಿಸಿದೆ. ರಕ್ತ ಬರಲಿಲ್ಲ. ಟೂರ್ನಿಕೆಟನ್ನು ತೆಗೆಯದೆ ಅಲ್ಲೇ ಸಡಿಲವಾಗಿ ಬಿಟ್ಟೆ.

ಆಮೇಲಿನದು ದಾದಿಯ ಕೆಲಸ. ತರಬೇತಿಯಲ್ಲಿ ಒಳಗೆ ಸಿಕ್ಕಿಕೊಂಡ ಗಾಳಿ ಬಿಡಲು ಎದೆಗೆ ಸೂಜಿ ಚುಚ್ಚುವುದನ್ನು ನೂರಾರು ಸಲ ಮಾಡಿಸುತ್ತಾರೆ, ಮೂತ್ರ ಅಳೆಯುವುದನ್ನು ಒಂದು ಸಲ ತೋರಿಸಿ ಮುಂದೆ ಹೋಗುತ್ತಾರೆ. ಆ ರಾತ್ರಿ ನನಗೆ ಬೇಕಾದದ್ದು ಎರಡನೆಯದೇ. ಬಾಟಲಿಗೆ ಗುರುತು ಹಾಕಿ ಮೂತ್ರ ಗಂಟೆಗೆ 30 ಮಿಲಿಗಿಂತ ಕಡಿಮೆಯಾಗದಂತೆ ನೋಡಿಕೊಂಡೆ. ನೆಲ ಮೈಶಾಖವನ್ನು ಹೀರದಂತೆ ಅಡಿಗೆ ಫೋಮ್ ಹಾಸು, ಮೇಲೆ ಒಣ ಹೊದಿಕೆ. ಮೈ ತಣ್ಣಗಾದರೆ ರಕ್ತ ಹೆಪ್ಪುಗಟ್ಟುವುದಿಲ್ಲ, ತುಂಬಿದ ಗಾಜ್ ಬಟ್ಟೆಯೂ ಹಾಕಿದ ರಕ್ತವೂ ವ್ಯರ್ಥ. ಕಾಲು ಗಂಟೆಗೊಮ್ಮೆ ನಾಡಿ, ಉಸಿರು, ಎಚ್ಚರವನ್ನು ನನ್ನದೇ ತೊಡೆಗೆ ಅಂಟಿಸಿಕೊಂಡ ಬಿಳಿ ಟೇಪಿನ ಮೇಲೆ ಬರೆದೆ. ಪ್ರತಿ ಸಲ ಬರೆಯುವ ಮೊದಲು ತೊಡೆಯಡಿ ಕೈ ತೂರಿಸಿ ಬೆರಳು ಮೂಸಿದೆ. ದೀಪಕ್ಕಿಂತ ಮೂಗನ್ನು ನಂಬುವ ಅಭ್ಯಾಸ ಅಂದಿನಿಂದ ಬಂದದ್ದು.

ಬೆಳಕು ಹರಿಯುವ ಹೊತ್ತಿಗೆ ಹೆಲಿಕಾಪ್ಟರ್ ಬಂತು. ಇಳಿದ ಮೆಡಿಕ್ ಗದ್ದಲದಲ್ಲಿ ಕಿವಿಯ ಹತ್ತಿರ ಬಾಯಿಟ್ಟು, "ಟೂರ್ನಿಕೆಟ್?" ಎಂದ. "1 ಗಂಟೆ 50 ನಿಮಿಷ ಬಿಗಿದಿತ್ತು, ಈಗ ಸಡಿಲ," ಎಂದು ಕೂಗಿ ಟೇಪು ಕಿತ್ತು ಕೊಟ್ಟೆ. ಅವನು ಓದಿದ. ಓದಿ ಸುಮ್ಮನಾಗದೆ ಕೈಗವಸು ತೊಟ್ಟ ಕೈಯನ್ನು ತೊಡೆಯಡಿ ತೂರಿಸಿ, ಹೊರತೆಗೆದು, ಬೆಳಕಿಗೆ ಹಿಡಿದು ನೋಡಿದ. ನನಗೆ ಅವನ ಮೇಲೆ ಅಲ್ಲೇ ನಂಬಿಕೆ ಬಂತು.