ಇಮೋಜೆನ್ ಎಂಬ ಹೆಸರಿಗೆ ಇಂಗ್ಲಿಷಿನಲ್ಲಿ ಪ್ರಾಸ ಹುಡುಕಿದ ನನ್ನ ಅನುಭವ

ಮಕ್ಕಳ ಹೆಸರನ್ನು ಪ್ರಾಸದ ಜಾಗದಲ್ಲಿಟ್ಟು ಇಂಗ್ಲಿಷಿನಲ್ಲಿ ಎಂಟು ಹತ್ತು ಸಾಲಿನ ಹುಟ್ಟುಹಬ್ಬದ ಪದ್ಯ ಬರೆದುಕೊಡುವುದು ಹಲವು ವರ್ಷಗಳಿಂದ ನಾನು ಪ್ರೀತಿಯಿಂದ ಮಾಡಿಕೊಂಡು ಬಂದಿರುವ ಕೆಲಸ. ಜೇನ್, ಕೇಟ್, ಮಾರ್ಕ್, ಬಿಲ್ ಮುಂತಾದ ಹೆಸರುಗಳಾದರೆ ಲೇಖನಿ ಹಿಡಿಯುವ ಮೊದಲೇ ಪ್ರಾಸಪದಗಳು ಸಾಲುಗಟ್ಟಿ ನಿಂತಿರುತ್ತವೆ. ಜೇನ್ ಎಂದೊಡನೆ ರೇನ್, ಟ್ರೇನ್, ಲೇನ್ ಬರುತ್ತವೆ. ಕೇಟ್ ಎಂದೊಡನೆ ಗೇಟ್, ಲೇಟ್, ಪ್ಲೇಟ್ ಬರುತ್ತವೆ. ಅಪರೂಪದ ಹೆಸರು ಬಂದಾಗ ಮಾತ್ರ ಪ್ರಾಸವೆಂದರೆ ನಿಜಕ್ಕೂ ಏನು ಎಂಬ ಪ್ರಶ್ನೆಯನ್ನು ಮೊದಲಿನಿಂದ ಕೇಳಿಕೊಳ್ಳಬೇಕಾಗುತ್ತದೆ. ಆ ಪ್ರಶ್ನೆಯನ್ನು ನನ್ನ ಮುಂದಿಟ್ಟದ್ದು ಇಮೋಜೆನ್ ಎಂಬ ಹೆಸರು. ಹಿಂದೆ ನನ್ನೊಡನೆ ಕೆಲಸ ಮಾಡಿದ್ದ ಒಬ್ಬರು, ಹತ್ತು ವರ್ಷ ತುಂಬಲಿದ್ದ ತಮ್ಮ ಮಗಳಿಗಾಗಿ ಒಂದು ಪದ್ಯ ಬೇಕೆಂದು ಕೇಳಿದ್ದರು.

ಮೊದಲ ಪ್ರಯತ್ನದಲ್ಲಿ ನಾನು ಮಾಡಿದ ತಪ್ಪಿನಿಂದಲೇ ಶುರುಮಾಡುತ್ತೇನೆ, ಏಕೆಂದರೆ ಕನ್ನಡದಲ್ಲಿ ಯೋಚಿಸುವ ಯಾರಾದರೂ ಅದೇ ತಪ್ಪನ್ನು ಮಾಡುವ ಸಾಧ್ಯತೆ ಇದೆ. ಹೆಸರನ್ನು ಮೊದಲು ಕನ್ನಡ ಲಿಪಿಯಲ್ಲಿ ಬರೆದುಕೊಂಡೆ. ಬರೆದ ಕೂಡಲೇ ನಡುವಿನ ‘ಮೋ’ ದೀರ್ಘವಾಗಿ ಕಣ್ಣಿಗೆ ಬಿತ್ತು. ನಮ್ಮ ಕಿವಿಗೆ ದೀರ್ಘವೆಂದರೆ ಭಾರ, ಆದ್ದರಿಂದ ಹೆಸರಿನ ಒತ್ತು ಅಲ್ಲಿಯೇ ಇದೆ ಎಂದು ನಂಬಿದೆ. ‘ಮೋಜೆನ್’ ಎಂಬ ತುದಿಗೆ ಹತ್ತಿರದ ಪದಗಳೆಂದು ಚೋಸನ್, ಫ್ರೋಸನ್ ಎಂಬ ಎರಡನ್ನು ಹುಡುಕಿ, ಆಯ್ದುಕೊಂಡವಳು ಎಂಬ ಅರ್ಥ ಬರುವಂತೆ ಚೋಸನ್ ಅನ್ನು ಮೊದಲ ಸಾಲಿನ ತುದಿಗಿಟ್ಟು ಎಂಟು ಸಾಲು ಬರೆದು ಕಳುಹಿಸಿದೆ. ತಾಯಿ ಅದನ್ನು ಫೋನಿನಲ್ಲಿ ಗಟ್ಟಿಯಾಗಿ ಓದಿದಾಗ ಎರಡನೆಯ ಸಾಲಿಗೇ ಪದ್ಯ ಮುರಿದುಬಿತ್ತು. ಅವರ ಬಾಯಲ್ಲಿ ಭಾರವೆಲ್ಲ ಮೊದಲ ‘ಇ’ಯ ಮೇಲಿತ್ತು. ನಾನು ‘ಮೋ’ ಎಂದು ಬರೆದುಕೊಂಡಿದ್ದ ಜಾಗದಲ್ಲಿ ದೀರ್ಘವೂ ಇರಲಿಲ್ಲ, ಓಕಾರವೂ ಇರಲಿಲ್ಲ. ನಮ್ಮ ವರ್ಣಮಾಲೆಯಲ್ಲಿ ಅಕ್ಷರವೇ ಇಲ್ಲದ, ಅಕಾರವನ್ನು ಅರ್ಧಕ್ಕೇ ನುಂಗಿದಂತಹ ಒಂದು ಮಂಕು ಸ್ವರ ಮಾತ್ರ ಇತ್ತು. ಒತ್ತಿಲ್ಲದ ಕಡೆಗಳಲ್ಲಿ ಇಂಗ್ಲಿಷ್ ಬಹುತೇಕ ಎಲ್ಲ ಸ್ವರಗಳನ್ನೂ ಈ ಮಂಕು ಸ್ವರದತ್ತಲೇ ಸರಿಸುತ್ತದೆ. ಹೆಸರು ಇ-ಮೋ-ಜೆನ್ ಅಲ್ಲ, ಹೆಚ್ಚುಕಡಿಮೆ ‘ಇಮಜನ್’.

ಆ ದಿನದಿಂದ ನಾನು ಹೆಸರನ್ನು ಓದಿ ಪ್ರಾಸ ಹುಡುಕುವುದನ್ನು ಬಿಟ್ಟು, ಕೇಳಿಯೇ ಹುಡುಕುತ್ತೇನೆ. ಮನೆಯವರು ಹೆಸರನ್ನು ಹೇಗೆ ಕರೆಯುತ್ತಾರೋ ಹಾಗೆಯೇ ಒಂದು ಧ್ವನಿಮುದ್ರಿಕೆ ಕಳುಹಿಸಿ ಎಂದು ಕೇಳುತ್ತೇನೆ. ಸುಮ್ಮನೆ ಹೇಳಿದ್ದಲ್ಲ, ದೂರದಲ್ಲಿ ಆಡುತ್ತಿರುವ ಮಗುವನ್ನು ಕೂಗಿ ಕರೆದದ್ದು ಬೇಕು. ಕೂಗುವಾಗ ಒತ್ತು ಇರುವ ಅಕ್ಷರ ತಾನಾಗಿಯೇ ಮೇಲೇಳುತ್ತದೆ ಮತ್ತು ಎಳೆದುಕೊಳ್ಳುತ್ತದೆ, ಅದನ್ನು ತಪ್ಪಿ ಗುರುತಿಸುವುದು ಕಷ್ಟ. ಇಂಗ್ಲಿಷಿನ ಪೂರ್ಣಪ್ರಾಸದ ನಿಯಮ ನಿಂತಿರುವುದೇ ಅದರ ಮೇಲೆ. ಕೊನೆಯ ಒತ್ತಿನ ಸ್ವರದಿಂದ ಹಿಡಿದು ಪದದ ತುದಿಯವರೆಗಿನ ಸದ್ದೆಲ್ಲ ಎರಡೂ ಪದಗಳಲ್ಲಿ ಒಂದೇ ಆಗಿರಬೇಕು, ಆ ಸ್ವರದ ಹಿಂದಿನ ವ್ಯಂಜನ ಮಾತ್ರ ಬೇರೆಯಾಗಿರಬೇಕು. ಹಿಂದಿನ ವ್ಯಂಜನವೂ ಒಂದೇ ಆಗಿಬಿಟ್ಟರೆ ಇಂಗ್ಲಿಷ್ ಕಿವಿಗೆ ಅದು ಪ್ರಾಸವೆನಿಸದೆ ಪುನರುಕ್ತಿಯೆನಿಸುತ್ತದೆ. ಒತ್ತು ಕೊನೆಯ ಅಕ್ಷರದಲ್ಲಿದ್ದರೆ ಒಂದೇ ಅಕ್ಷರ ಹೊಂದಿದರೆ ಸಾಕು. ಇಮೋಜೆನ್‌ನಂತೆ ಮೂರಕ್ಷರದ ಹೆಸರಿನ ಮೊದಲಲ್ಲಿದ್ದರೆ ಮೂರಕ್ಷರವೂ ಹೊಂದಬೇಕು. ಹೆಸರು ಎಷ್ಟು ಅಪರೂಪ ಎಂಬುದಕ್ಕಿಂತ ಒತ್ತು ಎಷ್ಟು ಮುಂದಿದೆ ಎಂಬುದೇ ಕೆಲಸದ ಕಷ್ಟವನ್ನು ನಿರ್ಧರಿಸುತ್ತದೆ.

ಇದಕ್ಕೆ ಎದುರು ಸಾಕ್ಷಿಯಾಗಿ ಐರಿಷ್ ಮೂಲದ ಒಂದು ಹೆಸರನ್ನು ಹೇಳಬಹುದು. ಎಸ್, ಐ, ಒ, ಬಿ, ಎಚ್, ಎ, ಎನ್ ಎಂದು ಬರೆಯುವ ಆ ಹೆಸರನ್ನು ಕಾಗದದ ಮೇಲೆ ನೋಡಿದರೆ ಎದೆಗುಂದುತ್ತದೆ, ಕೇಳಿದರೆ ಅದು ಬರಿಯ ‘ಶಿವಾನ್’. ಐರಿಷ್ ಬರವಣಿಗೆಯಲ್ಲಿ ಬಿ ಮತ್ತು ಎಚ್ ಸೇರಿದರೆ ವಕಾರದ ಸದ್ದು ಬರುತ್ತದೆ. ಒತ್ತು ಕೊನೆಯಲ್ಲಿರುವುದರಿಂದ ಡಾನ್, ಲಾನ್, ಫಾನ್, ಯಾನ್, ಡ್ರಾನ್ ಎಂದು ಮುಂಜಾವು, ಹುಲ್ಲುಹಾಸು, ಜಿಂಕೆಮರಿ, ಆಕಳಿಕೆ, ಚಿತ್ರ ಬರೆದದ್ದು ಎಲ್ಲವೂ ಪದ್ಯದೊಳಗೆ ಬರಲು ಸಿದ್ಧವಾಗಿರುತ್ತವೆ. ಆದರೆ ಅಲ್ಲಿಯೂ ಉಚ್ಚಾರಣೆಯ ಮೇಲೆ ಒಂದು ಕಣ್ಣಿಟ್ಟಿರಬೇಕು. ಸ್ವರದ ನಂತರದ ರಕಾರವನ್ನು ಉಚ್ಚರಿಸದ ಮನೆಗಳಲ್ಲಿ ಬಾರ್ನ್, ಕಾರ್ನ್, ಹಾರ್ನ್ ಕೂಡ ಅದೇ ಹೆಸರಿಗೆ ಪೂರ್ಣಪ್ರಾಸವಾಗುತ್ತವೆ; ರಕಾರವನ್ನು ಸ್ಪಷ್ಟವಾಗಿ ಹೇಳುವ ಮನೆಗಳಲ್ಲಿ ಅವೇ ಪದಗಳು ಕಿವಿಗೆ ಅಪಸ್ವರವಾಗುತ್ತವೆ.

ಮತ್ತೆ ಇಮೋಜೆನ್‌ಗೆ ಬರುತ್ತೇನೆ. ಈ ಹೆಸರಿನ ಒತ್ತಿನ ಸ್ವರದ ಹಿಂದೆ ವ್ಯಂಜನವೇ ಇಲ್ಲದಿರುವುದು ಒಂದು ಅನುಕೂಲ, ಯಾವ ವ್ಯಂಜನವನ್ನಾದರೂ ಮುಂದೆ ಕೂಡಿಸಿ ನೋಡಬಹುದು. ಇಲ್ಲಿ ನನಗೆ ಒದಗಿಬಂದದ್ದು ನಾವೆಲ್ಲ ಚಿಕ್ಕಂದಿನಲ್ಲಿ ಬಾಯಿಪಾಠ ಮಾಡಿದ ವರ್ಣಮಾಲೆಯೇ. ಮಹಾಪ್ರಾಣಗಳನ್ನು ಬಿಟ್ಟು ಕಕಾರದಿಂದ ಹಕಾರದವರೆಗೆ ಒಂದೊಂದೇ ವ್ಯಂಜನಕ್ಕೆ ‘ಇಮ್’ ಸೇರಿಸುತ್ತಾ ಹೋದೆ. ಕಿಮ್ ಹೆಸರಾಯಿತು, ಗಿಮ್ ಇಲ್ಲ, ಜಿಮ್ ಇದೆ, ಟಿಮ್ ಹೆಸರು, ಡಿಮ್ ಇದೆ, ರಿಮ್ ಇದೆ, ಲಿಮ್ ಇದೆ, ವಿಮ್ ಇದೆ, ಹಿಮ್ ಇದೆ. ಆಮೇಲೆ ಒತ್ತಕ್ಷರಗಳ ಸುತ್ತು: ಸ್ಕಿಮ್, ಸ್ಲಿಮ್, ಸ್ವಿಮ್, ಟ್ರಿಮ್, ಪ್ರಿಮ್, ಬ್ರಿಮ್, ಗ್ರಿಮ್. ಹೀಗೆ ಸದ್ದಿನ ದಾರಿ ಹಿಡಿದದ್ದರಿಂದಲೇ ಕೈಕಾಲು ಎಂಬರ್ಥದ ಲಿಮ್ ಸಿಕ್ಕಿತು. ಬರವಣಿಗೆಯಲ್ಲಿ ಅದರ ಕೊನೆಯಲ್ಲಿ ಸದ್ದಿಲ್ಲದ ಬಿ ಇದೆ. ಸ್ತೋತ್ರಗೀತೆ ಎಂಬರ್ಥದ ಹಿಮ್ ಪದದ ಕೊನೆಯಲ್ಲಿ ಸದ್ದಿಲ್ಲದ ಎನ್ ಇದೆ, ಜಿಮ್ ಪದದಲ್ಲಿ ಐ ಬದಲು ವೈ ಇದೆ. ಕಾಗುಣಿತ ನೋಡಿ ಹುಡುಕಿದ್ದರೆ ಈ ಮೂರೂ ಕೈತಪ್ಪುತ್ತಿದ್ದವು. ಕನ್ನಡದ ವಕಾರ ಇಂಗ್ಲಿಷಿನ ಎರಡು ಸದ್ದುಗಳ ಕೆಲಸ ಮಾಡುವುದರಿಂದ ಹುರುಪು ಎಂಬರ್ಥದ ವಿಮ್ ಮತ್ತು ಮನಸ್ಸಿನ ತರಂಗ ಎಂಬರ್ಥದ ವಿಮ್ ಎಂಬ ಎರಡು ಬೇರೆ ಪದಗಳು ಒಂದೇ ಮನೆಯಲ್ಲಿ ಸಿಗುತ್ತವೆ ಎಂಬುದನ್ನೂ ಆಗ ಗುರುತು ಹಾಕಿಕೊಂಡೆ.

ಪ್ರಾಸಕೋಶಗಳನ್ನೂ ತೆರೆದು ನೋಡಿದೆ. ಜಾನ್ ವಾಕರ್ 1775ರಲ್ಲಿ ಪ್ರಕಟಿಸಿದ ಇಂಗ್ಲಿಷ್ ಪ್ರಾಸಕೋಶದಲ್ಲಿ ಪದಗಳನ್ನು ಕೊನೆಯ ಅಕ್ಷರದಿಂದ ಹಿಂದಕ್ಕೆ ಜೋಡಿಸಲಾಗಿದೆ. ಅದು ಕಣ್ಣಿನ ಕ್ರಮ. ಆ ಕ್ರಮದಲ್ಲಿ ಕಾಫ್, ದೋ, ಥ್ರೂ, ರಫ್ ಎಂದು ನಾಲ್ಕು ರೀತಿಯಲ್ಲಿ ಉಚ್ಚರಿಸುವ ಪದಗಳು ಒಂದೇ ಬಗೆಯ ಬಾಲ ಹೊಂದಿವೆ ಎಂಬ ಕಾರಣಕ್ಕೆ ಒಂದೇ ಕಡೆ ಸೇರುತ್ತವೆ. ಕ್ಲೆಮೆಂಟ್ ವುಡ್ 1936ರಲ್ಲಿ ಹೊರತಂದ ಕೋಶ ಸದ್ದನ್ನೇ ಆಧರಿಸಿ ಒಂದಕ್ಷರ, ಎರಡಕ್ಷರ, ಮೂರಕ್ಷರದ ಪ್ರಾಸಗಳನ್ನು ಬೇರೆ ಬೇರೆಯಾಗಿ ಕೊಡುತ್ತದೆ. ನನ್ನ ಕೆಲಸಕ್ಕೆ ಇದು ಹೆಚ್ಚು ಒದಗಿದೆ. ಗಣಕಯಂತ್ರದಲ್ಲಿ ಹುಡುಕುವವರಿಗೆ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಉಚ್ಚಾರಣಾ ಕೋಶ ಉಚಿತವಾಗಿ ಸಿಗುತ್ತದೆ. ಅದರಲ್ಲಿ 1,34,000ಕ್ಕೂ ಹೆಚ್ಚು ಪದಗಳನ್ನು 39 ಧ್ವನಿಮಾಗಳಾಗಿ, ಅಂದರೆ ಮೂಲ ಸದ್ದುಗಳಾಗಿ, ಬಿಡಿಸಿ, ಪ್ರತಿ ಸ್ವರದ ಪಕ್ಕದಲ್ಲಿ ಮುಖ್ಯ ಒತ್ತಿಗೆ 1, ಉಪ ಒತ್ತಿಗೆ 2, ಒತ್ತಿಲ್ಲದ್ದಕ್ಕೆ 0 ಎಂದು ಅಂಕಿ ಕೊಟ್ಟಿದ್ದಾರೆ. ಅದು ಉತ್ತರ ಅಮೆರಿಕದ ಉಚ್ಚಾರಣೆ ಎಂಬುದು ಮಾತ್ರ ನೆನಪಿರಬೇಕು.

ತುದಿಯ ಎರಡು ಅಕ್ಷರಗಳನ್ನಷ್ಟೇ ಕೊಟ್ಟು ಹುಡುಕಿದಾಗ ನನಗೆ ಸಿಕ್ಕದ್ದು ಹೈಡ್ರೋಜನ್, ಆಕ್ಸಿಜನ್, ನೈಟ್ರೋಜನ್, ಹ್ಯಾಲೊಜನ್, ಕೊಲಾಜನ್, ಅಲರ್ಜನ್, ಪ್ಯಾಥೊಜನ್. ಇವುಗಳಲ್ಲಿ ಹೊಂದಿಕೆಯಾಗಿರುವುದು ಒತ್ತಿಲ್ಲದ ಬಾಲ ಮಾತ್ರ, ಹೊಂದಬೇಕಾದ ತಲೆಯೇ ಬೇರೆ. ಜೊತೆಗೆ ಕೊನೆಯ ಅಕ್ಷರದ ವ್ಯಂಜನವೂ ಒಂದೇ ಆಗಿರುವುದರಿಂದ ಪ್ರಾಸದ ಆನಂದ ಹುಟ್ಟುವುದಿಲ್ಲ. ಅರ್ಥದ ದೃಷ್ಟಿಯಿಂದಲೂ ಹತ್ತು ತುಂಬುವ ಹುಡುಗಿಯ ಹೆಸರಿನ ಪಕ್ಕದಲ್ಲಿ ರೋಗಕಾರಕ ಕ್ರಿಮಿಯನ್ನು ನಿಲ್ಲಿಸಲು ಯಾರಿಗೆ ಮನಸ್ಸು ಬಂದೀತು? ಪ್ರಾಸಪದ ಹೆಸರಿಗೆ ಅಂಟಿಕೊಂಡುಬಿಡುತ್ತದೆ; ಮಗು ಅದನ್ನು ವರ್ಷಗಟ್ಟಲೆ ಹೇಳಿಕೊಳ್ಳಬಹುದು, ಜೊತೆಯ ಮಕ್ಕಳು ಅದನ್ನೇ ಹಿಡಿದು ಕರೆಯಬಹುದು. ಆದ್ದರಿಂದ ಸದ್ದು ಹೊಂದಿದರೂ ಅರ್ಥ ಕೆಟ್ಟದಾಗಿರುವ ಪದವನ್ನು ನಾನು ಪಟ್ಟಿಯಲ್ಲೇ ಹೊಡೆದುಹಾಕುತ್ತೇನೆ. ಗ್ರಿಮ್ ಕೂಡ ಹಾಗೆಯೇ ಹೋಯಿತು.

ಮೂರಕ್ಷರವೂ ಹೊಂದುವ ಒಂದೇ ಪದ ನನಗೆ ಸಿಗಲಿಲ್ಲ. ಆದರೆ ಒಂದೇ ಪದ ಬೇಕೆಂಬ ನಿಯಮವಿಲ್ಲ, ಎರಡು ಪದ ಸೇರಿ ಮೂರಕ್ಷರವಾದರೂ ಪ್ರಾಸ ಪ್ರಾಸವೇ. ವರ್ಣಮಾಲೆಯ ಸುತ್ತಿನಲ್ಲಿ ಸಿಕ್ಕ ಪ್ರತಿಯೊಂದು ‘ಇಮ್’ ಪದದ ಮುಂದೆ ಎರಡಕ್ಷರದ ಸಣ್ಣ ಪದಗಳನ್ನು ಇಟ್ಟು ಗಟ್ಟಿಯಾಗಿ ಹೇಳುತ್ತಾ ಹೋದಾಗ, ಸ್ವಿಮ್ ಎಂಬುದರ ಮುಂದೆ ‘ಮತ್ತೆ’ ಎಂಬರ್ಥದ ಅಗೆನ್ ಬಂದು ಕುಳಿತ ಕ್ಷಣ ನನಗೆ ಚೆನ್ನಾಗಿ ನೆನಪಿದೆ. ಇಮೋಜೆನ್, ಸ್ವಿಮ್ ಅಗೆನ್. ಇ, ಮಕಾರ, ಮಂಕು ಸ್ವರ, ಕೊನೆಯ ಎನ್ ಎಲ್ಲವೂ ಹೊಂದಿದವು. ಅಗೆನ್ ಪದದ ಒತ್ತು ಕೊನೆಯಲ್ಲಿರುವುದರಿಂದ ಇದು ಪೂರ್ಣಪ್ರಾಸವಲ್ಲ, ಆದರೆ ವ್ಯಂಜನಗಳಲ್ಲಿ ಹೊಂದದೆ ಉಳಿದದ್ದು ಜಕಾರ ಮತ್ತು ಗಕಾರ ಮಾತ್ರ. ಜ ಮತ್ತು ಗ ಎರಡೂ ತಮ್ಮ ತಮ್ಮ ವರ್ಗದ ಮೂರನೆಯ ಅಕ್ಷರಗಳು, ಎರಡರಲ್ಲೂ ಇರುವುದು ಒಂದೇ ನಾದ. ಮೂರನೆಯ ಅಕ್ಷರಗಳು ಒಂದರ ಜಾಗದಲ್ಲಿ ಇನ್ನೊಂದು ಬಂದರೆ ಕಿವಿ ಕ್ಷಮಿಸುತ್ತದೆ ಎಂಬುದು ನನ್ನ ಅನುಭವ. ಪ್ರಾಚೀನ ಐರಿಷ್ ಕವಿಗಳ ಛಂದಸ್ಸಿನಲ್ಲಂತೂ ಬ, ದ, ಗ ಸದ್ದುಗಳನ್ನು ಒಂದೇ ಗುಂಪೆಂದು ಎಣಿಸಿ ಪರಸ್ಪರ ಪ್ರಾಸಕ್ಕೆ ಒಪ್ಪುವ ಕಟ್ಟುನಿಟ್ಟಿನ ನಿಯಮವೇ ಇತ್ತು. ಆ ಹುಡುಗಿಗೆ ಈಜು ಪ್ರಾಣ ಎಂಬುದು ನನಗೆ ಮೊದಲೇ ತಿಳಿದಿತ್ತು, ಆದ್ದರಿಂದ ಸಾಲುಗಳು ಹೀಗೆ ಬಂದವು:

ಇನ್‌ಟು ದ ವೇವ್ಸ್ ಗೋಸ್ ಇಮೋಜೆನ್,
ಔಟ್ ಫಾರ್ ಎ ಬ್ರೆತ್, ದೆನ್ ಸ್ವಿಮ್ ಅಗೆನ್.

ಅಲೆಗಳೊಳಗೆ ಇಳಿಯುತ್ತಾಳೆ, ಉಸಿರಿಗೆಂದು ಮೇಲೆ ಬಂದು ಮತ್ತೆ ಈಜುತ್ತಾಳೆ ಎಂಬುದಷ್ಟೇ ಅರ್ಥ. ಅಗೆನ್ ಎಂಬುದನ್ನು ಕೆಲವರು ‘ಅಗೇನ್’ ಎಂದು ಎಳೆದು ಹೇಳುತ್ತಾರೆ, ಹಾಗೆ ಹೇಳುವ ಮನೆಯಾಗಿದ್ದರೆ ಈ ಪ್ರಾಸ ಸಡಿಲವಾಗುತ್ತಿತ್ತು. ಆದ್ದರಿಂದ ಆ ಒಂದು ಪದವನ್ನು ತಾಯಿಯ ಬಾಯಲ್ಲಿ ಬೇರೆ ವಾಕ್ಯವೊಂದರಲ್ಲಿ ಹೇಳಿಸಿ ಕೇಳಿದ ಮೇಲೆಯೇ ಸಾಲನ್ನು ಉಳಿಸಿಕೊಂಡೆ.

ಇನ್ನೊಂದು ದಾರಿ ಲಯದ್ದು. ಮೂರಕ್ಷರದ ಪದದ ಮೊದಲಲ್ಲಿ ಒತ್ತಿದ್ದರೂ, ಒಂದು ಬಿಟ್ಟು ಒಂದು ಅಕ್ಷರಕ್ಕೆ ಪೆಟ್ಟು ಬೀಳುವ ನಡೆಯಲ್ಲಿ ಅದನ್ನು ಸಾಲಿನ ತುದಿಗಿಟ್ಟರೆ ಮೂರನೆಯ ಅಕ್ಷರದ ಮೇಲೂ ತಾಳದ ಪೆಟ್ಟು ತಾನಾಗಿ ಬಿದ್ದು ಮಂಕು ಸ್ವರ ಸ್ಪಷ್ಟವಾದ ಎಕಾರವಾಗುತ್ತದೆ. ಆಗ ಟೆನ್, ಪೆನ್, ಹೆನ್, ವೆನ್, ದೆನ್ ಎಲ್ಲವೂ ಬಳಕೆಗೆ ಬರುತ್ತವೆ. ಹತ್ತನೆಯ ಹುಟ್ಟುಹಬ್ಬಕ್ಕೆ ಟೆನ್‌ಗಿಂತ ಉತ್ತಮ ಪದ ಬೇಕೆ?

ನೈನ್ ಈಸ್ ಓವರ್, ನೌ ಇಟ್ಸ್ ಟೆನ್,
ಕ್ಲ್ಯಾಪ್ ಯುವರ್ ಹ್ಯಾಂಡ್ಸ್ ಫಾರ್ ಇಮೋಜೆನ್.

ಕೈತಟ್ಟುತ್ತಾ ಓದಿ ನೋಡಿ. ಪ್ರತಿ ಸಾಲಿನಲ್ಲೂ ಏಳು ಅಕ್ಷರ, ನಾಲ್ಕು ಚಪ್ಪಾಳೆ, ಕೊನೆಯ ಚಪ್ಪಾಳೆ ಸರಿಯಾಗಿ ‘ಜೆನ್’ ಮೇಲೆ. ಆದರೆ ಇಂತಹ ಪ್ರಾಸವನ್ನು ಪದ್ಯದಲ್ಲಿ ಒಂದು ಸಲಕ್ಕಿಂತ ಹೆಚ್ಚು ಬಳಸಬಾರದು. ಎರಡನೆಯ ಸಲಕ್ಕೆ ಹೆಸರು ತನ್ನ ಸಹಜ ಉಚ್ಚಾರಣೆಯನ್ನು ಕಳೆದುಕೊಂಡು ‘ಜೆನ್’ ಎಂಬ ಬೇರೆ ಹೆಸರಿನಂತೆ ಕೇಳಿಸತೊಡಗುತ್ತದೆ.

ಮೂರನೆಯ ದಾರಿಯನ್ನು ನನಗೆ ತೋರಿಸಿದ್ದು ಕನ್ನಡ. ಇಂಗ್ಲಿಷಿನಲ್ಲಿ ಪ್ರಾಸ ಸಾಲಿನ ಕೊನೆಯಲ್ಲಿದ್ದರೆ ನಮ್ಮ ಹಳೆಯ ಕಾವ್ಯದಲ್ಲಿ ಅದು ಸಾಲಿನ ಮೊದಲಲ್ಲಿದೆ, ಪ್ರತಿ ಸಾಲಿನ ಎರಡನೆಯ ಅಕ್ಷರದ ವ್ಯಂಜನ ಒಂದೇ ಆಗಿರಬೇಕು. ನಾಗವರ್ಮನ ಛಂದೋಂಬುಧಿ ಆ ವ್ಯಂಜನದ ಹಿಂದೆ ಏನಿದೆ ಎಂಬುದನ್ನು ನೋಡಿ ಸಿಂಹ, ಗಜ, ವೃಷಭ, ಅಜ, ಶರಭ, ಹಯ ಎಂದು ಆರು ಪ್ರಾಸಗಳನ್ನು ಹೇಳುತ್ತದೆ. ಹಿಂದೆ ಹ್ರಸ್ವಾಕ್ಷರವಿದ್ದರೆ ಸಿಂಹಪ್ರಾಸ. ಇಮೋಜೆನ್ ಎಂಬಲ್ಲಿ ಮೊದಲು ಹ್ರಸ್ವ ಇಕಾರ, ಎರಡನೆಯದು ಮಕಾರ. ಕಲ್ಪಿಸಿಕೋ ಎಂಬರ್ಥದ ಇಮ್ಯಾಜಿನ್ ಎಂಬಲ್ಲಿಯೂ ಅದೇ. ಇಂಗ್ಲಿಷ್ ಲೆಕ್ಕದಲ್ಲಿ ಇವೆರಡೂ ಪ್ರಾಸವೇ ಅಲ್ಲ, ಏಕೆಂದರೆ ಇಮ್ಯಾಜಿನ್ ಪದದ ಒತ್ತು ಎರಡನೆಯ ಅಕ್ಷರದ ಮೇಲಿದೆ. ನಮ್ಮ ಲೆಕ್ಕದಲ್ಲಿ ಶುದ್ಧ ಸಿಂಹಪ್ರಾಸ. ಕೊನೆಯ ನಾಲ್ಕು ಸಾಲುಗಳನ್ನು ನಾನು ಇಮೋಜೆನ್, ಇಮ್ಯಾಜಿನ್, ಸಮರ್, ಹಮಿಂಗ್ ಎಂಬ ಪದಗಳಿಂದ ಆರಂಭಿಸಿದೆ. ಬೇಸಿಗೆ ಎಂಬರ್ಥದ ಸಮರ್ ಪದವನ್ನು ಎರಡು ಎಂ ಇಟ್ಟು ಬರೆದರೂ ಕೇಳಿಸುವುದು ಒಂದೇ ಮಕಾರ, ಆದ್ದರಿಂದ ಅದು ಒಂದೇ ವ್ಯಂಜನ ಇಮ್ಮಡಿಸಿದಾಗ ಆಗುವ ಹಯಪ್ರಾಸವಾಗಲಿಲ್ಲ. ಹೆಸರು ಸಾಲಿನ ಮೊದಲಿಗೆ ಹೋದದ್ದರಿಂದ ಸಾಲಿನ ಕೊನೆ ಬಿಡುವಾಯಿತು, ಅಲ್ಲಿ ಸೀ, ಫ್ರೀ, ಮೀ ಎಂಬ ಸುಲಭ ಪ್ರಾಸಗಳು ಸಾಕಾದವು. ಕೇವಲ ಆದಿಪ್ರಾಸವನ್ನು ನಂಬಿ ಇಂಗ್ಲಿಷ್ ಪದ್ಯ ನಿಲ್ಲಲಾರದು, ಅಂತ್ಯಪ್ರಾಸದ ಆಸರೆ ಬೇಕು ಎಂಬುದನ್ನು ಒಪ್ಪುತ್ತೇನೆ. ಆದರೂ ನಾಲ್ಕು ಸಾಲುಗಳ ತಲೆಯಲ್ಲಿ ಮರಳಿ ಮರಳಿ ಬರುವ ಆ ಮಕಾರ ಓದುವ ತುಟಿಗಳಿಗೆ ಗೊತ್ತಾಗುತ್ತದೆ.

ಆ ಮಕಾರದ ಬಗ್ಗೆಯೇ ಒಂದು ಮಾತು. ಈ ಹೆಸರು ಪ್ರಸಿದ್ಧವಾದದ್ದು ಶೇಕ್ಸ್‌ಪಿಯರನ ಸಿಂಬೆಲೀನ್ ನಾಟಕದ ನಾಯಕಿಯಿಂದ. 1623ರ ಮೊದಲ ಫೋಲಿಯೊ ಮುದ್ರಣದಲ್ಲಿ ಅವಳ ಹೆಸರು ಇಮೋಜೆನ್ ಎಂದಿದೆ. ಆದರೆ 1611ರ ಸುಮಾರಿಗೆ ಆ ನಾಟಕವನ್ನು ನೋಡಿದ ಸೈಮನ್ ಫೋರ್ಮನ್ ತನ್ನ ಟಿಪ್ಪಣಿಯಲ್ಲಿ ಇನ್ನೋಜೆನ್ ಎಂದೇ ಬರೆದಿದ್ದಾನೆ. ಹಸ್ತಪ್ರತಿಯಲ್ಲಿದ್ದ ಎರಡು ಎನ್‌ಗಳನ್ನು ಅಚ್ಚಿನವರು ಒಂದು ಎಂ ಎಂದು ಓದಿರಬೇಕು ಎಂದು ಅನೇಕ ವಿದ್ವಾಂಸರು ಭಾವಿಸುತ್ತಾರೆ. ನಾನು ಸ್ವಿಮ್ ಎಂದು, ಸಮರ್ ಎಂದು ಹೆಣೆದದ್ದೆಲ್ಲ ಬಹುಶಃ ನಾಲ್ಕು ಶತಮಾನಗಳ ಹಿಂದಿನ ಒಂದು ಓದಿನ ದೋಷದ ಮೇಲೆ ನಿಂತಿದೆ ಎಂದು ತಿಳಿದಾಗ ನನಗೆ ಆ ಅಕ್ಷರದ ಮೇಲೆ ಇನ್ನಷ್ಟು ಪ್ರೀತಿ ಹುಟ್ಟಿತು.

ಎರಡನೆಯ ಪದ್ಯವನ್ನು ತಾಯಿ ಮತ್ತೆ ಫೋನಿನಲ್ಲಿ ಓದಿದರು. ಈ ಸಲ ನಾನು ಪಠ್ಯವನ್ನು ಎದುರಿಗಿಟ್ಟುಕೊಳ್ಳದೆ ಕಣ್ಣು ಮುಚ್ಚಿ ಕೇಳಿದೆ. ಹೆಸರು ಬಂದ ಮೂರೂ ಕಡೆ ಅವರ ಧ್ವನಿ ಎಲ್ಲಿಯೂ ತಡೆಯಲಿಲ್ಲ. ಸ್ವಿಮ್ ಅಗೆನ್ ಎಂಬಲ್ಲಿಗೆ ಬಂದಾಗ ಪಕ್ಕದಲ್ಲಿದ್ದ ಹುಡುಗಿಯೂ ದನಿಗೂಡಿಸಿದಳು. ಆ ಸಾಲನ್ನು ಅವಳು ಅದಕ್ಕೆ ಮೊದಲು ಕೇಳಿರಲಿಲ್ಲ.