ತಲೆ ಸವೆದ ಬೋಲ್ಟ್ ಕೊನೆಗೂ ಹೊರಗೆ ಬಂತು

ಎಂಜಿನ್ನಿನ ಎಕ್ಸಾಸ್ಟ್ ಮ್ಯಾನಿಫೋಲ್ಡ್ (ಹೊಗೆ ಹೊರಗೆ ಒಯ್ಯುವ ಕೊಳವೆ) ಗ್ಯಾಸ್ಕೆಟ್, ಅಂದರೆ ಸೋರಿಕೆ ತಡೆಯುವ ಪಟ್ಟಿ, ಬದಲಿಸೋಣ ಅಂತ ಕೂತಿದ್ದೆ. ಕೊನೆಯ ಬೋಲ್ಟ್ ಕೈಕೊಟ್ಟಿತು. ತಪ್ಪು ನನ್ನದೇ. ತುಕ್ಕು ಹಿಡಿದ ಬೋಲ್ಟಿಗೆ ಆರು ಮೂಲೆಯ ಸಾಕೆಟ್ ಹಾಕಬೇಕಿತ್ತು, ನಾನು ಕೈಗೆ ಸಿಕ್ಕ ಹನ್ನೆರಡು ಮೂಲೆಯ ರಿಂಗ್ ಸ್ಪ್ಯಾನರ್ ಹಾಕಿ ಎಳೆದೆ, ಕರಕ್ ಅಂತ ಜಾರಿ ಮೂಲೆಗಳೆಲ್ಲ ಸವೆದು ತಲೆ ಗುಂಡಗಾಯಿತು.

ತುಕ್ಕು ಬಿಡಿಸುವ ಎಣ್ಣೆ ಹೊಡೆದು ರಾತ್ರಿಯಿಡೀ ಬಿಟ್ಟೆ. ಬೆಳಿಗ್ಗೆ ಒಂದು ಸೈಜ್ ಚಿಕ್ಕ ಸಾಕೆಟನ್ನು ಸುತ್ತಿಗೆಯಿಂದ ಬಡಿದು ಕೂರಿಸಿ ತಿರುಗಿಸಿದೆ, ಅದೂ ಜಾರಿತು. ಇನ್ನೂ ಜೋರು ಮಾಡಿದ್ದರೆ ತಲೆಯೇ ಮುರಿದು, ಡ್ರಿಲ್ ಮಾಡುವ ಕರ್ಮ ಬರ್ತಿತ್ತು.

ಕೊನೆಗೆ ವೆಲ್ಡಿಂಗ್. ಬ್ಯಾಟರಿಯ ನೆಗೆಟಿವ್ ತೆಗೆದೆ, ಎಣ್ಣೆ ಪೂರ್ತಿ ಒರೆಸಿದೆ (ಇದಕ್ಕೆ ಬ್ರೇಕ್ ಕ್ಲೀನರ್ ಬೇಡ, ಕ್ಲೋರಿನ್ ಇರುವಂಥದ್ದು ವೆಲ್ಡಿಂಗ್ ಶಾಖಕ್ಕೆ ವಿಷದ ಗಾಳಿ ಬಿಡುತ್ತದೆ). ಬೋಲ್ಟ್ ತಲೆಯ ಮೇಲೆ ಹೊಸ ನಟ್ ಇಟ್ಟು, ಅದರ ತೂತಿನೊಳಗೆ ವೆಲ್ಡ್ ತುಂಬಿಸಿದೆ. ಹಿಡಿಯಲು ಹೊಸ ಮೂಲೆ ಸಿಕ್ಕಿದ್ದಷ್ಟೇ ಅಲ್ಲ, ನಿಜವಾದ ಕೆಲಸ ಮಾಡಿದ್ದು ಶಾಖ. ಕಾದು ಹಿಗ್ಗಿ, ಆರಿ ಕುಗ್ಗುವಾಗ ತುಕ್ಕಿನ ಹಿಡಿತ ಸಡಿಲವಾಗುತ್ತದೆ. ಕೆಂಪು ಆರುವವರೆಗೆ ಕಾದೆ. ಕಾಲು ಸುತ್ತು ಬಿಚ್ಚುವುದು, ಸ್ವಲ್ಪ ವಾಪಸ್ ಬಿಗಿ ಮಾಡುವುದು, ಎಣ್ಣೆ ಬಿಡುವುದು, ಮತ್ತೆ ಬಿಚ್ಚುವುದು. ಕಿರ್ರೋ ಅಂತ ಕಿರುಚುತ್ತಾ ಬಂತು, ಥ್ರೆಡ್‌ಗಳ (ಬೋಲ್ಟಿನ ಸುರುಳಿ ಗೀರುಗಳ) ನಡುವೆ ಕಂದು ಪುಡಿ ಮೆತ್ತಿಕೊಂಡಿತ್ತು.

ಬೋಲ್ಟ್ ಕೂರುವ ಎಂಜಿನ್ ಹೆಡ್ ಮೆತ್ತನೆಯ ಅಲ್ಯೂಮಿನಿಯಂ ಅಲ್ವಾ, ಅದರ ತೂತಿನ ಥ್ರೆಡ್ ಹಾಳಾಗಿರಬಹುದು ಅಂತ ಹೆದರಿಕೆ ಇತ್ತು. ಎಂ8, 1.25 ಟ್ಯಾಪ್ (8 ಮಿ.ಮೀ. ಬೋಲ್ಟಿಗೆ 1.25 ಮಿ.ಮೀ. ಅಂತರದ ಥ್ರೆಡ್ ಕೊರೆಯುವ ಉಪಕರಣ) ಅನ್ನು ಕೈಯಲ್ಲೇ ಇಳಿಸಿ ಶುಚಿ ಮಾಡಿದೆ, ಸರಿಯಾಗಿತ್ತು. ಹೊಸ ಬೋಲ್ಟಿಗೆ ಚೂರು ಆ್ಯಂಟಿ-ಸೀಜ್ (ಮತ್ತೆ ಕಚ್ಚಿಕೊಳ್ಳದಂತೆ ತಡೆಯುವ ಪೇಸ್ಟ್) ಸವರಿ ಹಾಕಿದೆ.