ನೆಟ್‌ವರ್ಕ್ ಹೋದ ಮೇಲೆ ಮಕ್ಕಳು ಆಡುವ ಆಟ

ಹಳೆ ವಿಡಿಯೋ ಗೇಮ್ ಅಂದರೆ ನಮ್ಮ ವಯಸ್ಸಿನವರಿಗೆ ಬಾಲ್ಯದ ನೆನಪು, ಅದು ಸರಿ. ಆದರೆ ಎಂಟು ವರ್ಷದ ಮಗುವಿಗೆ ಯಾವ ನೆನಪು? 1987ರಲ್ಲಿ ಬಂದ ಕಾಂಟ್ರಾ ಅನ್ನುವ ಗುಂಡು ಹಾರಿಸುವ ಆಟ ಅದಕ್ಕೆ ಯಾಕೆ ಇಷ್ಟ ಆಗಬೇಕು? ಕೊಡಗಿನ ಕಕ್ಕಬ್ಬೆ ಕಡೆ ನಮ್ಮದೊಂದು ಸಣ್ಣ ಹೋಂಸ್ಟೇ ಇದೆ. ಮಳೆಗಾಲಕ್ಕೆ ಅಂತ ಹಾಲ್‌ನಲ್ಲಿ ಇಂಥ ಆಟಗಳನ್ನು ಜೋಡಿಸಿ ಇಟ್ಟಿದ್ದೇನೆ. ಮಕ್ಕಳು ಆಡುವುದನ್ನು ನೋಡಿ ನೋಡಿ ನನಗೆ ಅರ್ಥ ಆಗಿದ್ದನ್ನು ಬರೆಯುತ್ತಿದ್ದೇನೆ.

ಜೂನ್, ಜುಲೈ ತಿಂಗಳಲ್ಲಿ ನಮ್ಮ ಕಡೆ ಮಳೆ ಹೇಗಿರುತ್ತದೆ ಅಂತ ಕೊಡಗಿನವರಿಗೆ ಹೇಳಬೇಕಾಗಿಲ್ಲ. ತೋಟಕ್ಕೆ ಇಳಿದರೆ ಜಿಗಣೆ. ಎಲ್ಲೋ ಮರ ಬಿದ್ದು ಕರೆಂಟ್ ಹೋಗುತ್ತದೆ, ಸ್ವಲ್ಪ ಹೊತ್ತಿಗೆ ನೆಟ್‌ವರ್ಕೂ ಹೋಗುತ್ತದೆ. ಬೆಂಗಳೂರಿಂದ ಬಂದ ಮಕ್ಕಳು ಫೋನ್ ಎತ್ತಿ ಹಿಡಿದುಕೊಂಡು ಕಿಟಕಿಯಿಂದ ಕಿಟಕಿಗೆ ಓಡಾಡುತ್ತವೆ. ಅವರ ಆಟ ಇಂಟರ್ನೆಟ್ ಇಲ್ಲದೆ ತೆರೆಯುವುದೇ ಇಲ್ಲ. ಅದೇ ಹೊತ್ತಿಗೆ ಶಾಲೆಗೆ ಮಳೆ ರಜೆ ಅಂತ ನಮ್ಮ ಅಣ್ಣನ ಮಕ್ಕಳು, ಪಕ್ಕದ ತೋಟದ ಮಕ್ಕಳು, ಲೈನ್‌ಮನೆ (ತೋಟದ ಕೆಲಸಗಾರರ ಸಾಲುಮನೆ) ಮಕ್ಕಳು ಎಲ್ಲ ಬಂದು ಸೇರುತ್ತಾರೆ.

ವ್ಯವಸ್ಥೆ ಏನೂ ದೊಡ್ಡದಲ್ಲ. ಒಂದು ಹಳೆ ಲ್ಯಾಪ್‌ಟಾಪ್, ಎಚ್‌ಡಿಎಂಐ ಕೇಬಲ್, ಟಿವಿ, ನಾಲ್ಕು ಯುಎಸ್‌ಬಿ ಜಾಯ್‌ಸ್ಟಿಕ್. ಲ್ಯಾಪ್‌ಟಾಪ್ ಯಾಕೆ ಅಂದರೆ ಅದಕ್ಕೆ ಬ್ಯಾಟರಿ ಇದೆ. ಕರೆಂಟ್ ಹೋಗಿ ಇನ್ವರ್ಟರ್ ಹತ್ತಿಕೊಳ್ಳುವಷ್ಟರಲ್ಲಿ ಟಿವಿ ಆಫ್ ಆದರೂ ಲ್ಯಾಪ್‌ಟಾಪ್‌ನಲ್ಲಿ ಆಟ ಬಂದ್ ಆಗುವುದಿಲ್ಲ, ಮತ್ತೆ ಮೊದಲಿಂದ ಶುರು ಮಾಡಬೇಕಾಗಿಲ್ಲ. ಜಾಯ್‌ಸ್ಟಿಕ್ ವೈರ್ ಇರುವುದೇ ಇರಲಿ. ಬ್ಲೂಟೂತ್‌ದು ಇಟ್ಟರೆ ಮಧ್ಯದಲ್ಲಿ ಚಾರ್ಜ್ ಮುಗಿಯುತ್ತದೆ, ಆಮೇಲೆ ಸೋತವನು ಅದನ್ನೇ ನೆಪ ಮಾಡುತ್ತಾನೆ. ಟಿವಿಯಲ್ಲಿ ಗೇಮ್ ಮೋಡ್ ಹಾಕಲೇಬೇಕು. ಇಲ್ಲದಿದ್ದರೆ ಬಟನ್ ಒತ್ತಿದ್ದಕ್ಕೂ ಪರದೆಯಲ್ಲಿ ಹಾರುವುದಕ್ಕೂ ಚೂರು ವ್ಯತ್ಯಾಸ ಬರುತ್ತದೆ. ದೊಡ್ಡವರಿಗೆ ಗೊತ್ತಾಗದೇ ಇರಬಹುದು, ಮಕ್ಕಳಿಗೆ ತಕ್ಷಣ ಗೊತ್ತಾಗುತ್ತದೆ.

ಆಟಗಳನ್ನು ದುಡ್ಡು ಕೊಟ್ಟೇ ತಗೊಂಡಿದ್ದು. ಹೋಂಸ್ಟೇ ಅಂದ ಮೇಲೆ ವ್ಯವಹಾರ, ಕದ್ದ ಫೈಲ್ ಹಾಕಿಕೊಳ್ಳುವುದು ನನಗೆ ಸರಿ ಕಾಣಲಿಲ್ಲ. ಕಾಂಟ್ರಾ ಮಾಡಿದ ಕೊನಾಮಿ ಕಂಪನಿ 2019ರಲ್ಲಿ ಹಲವು ಹಳೆ ಕಾಂಟ್ರಾಗಳನ್ನು ಒಟ್ಟು ಮಾಡಿ ಬಿಟ್ಟಿತು. ಬಾಂಬ್ ಇಡುವ ಆಟ ಬಾಂಬರ್‌ಮ್ಯಾನ್ ಹುಟ್ಟಿದ್ದು 1983ರಲ್ಲಿ, ನನ್ನ ಹತ್ತಿರ ಇರುವುದು ಹೊಸ ಸೂಪರ್ ಬಾಂಬರ್‌ಮ್ಯಾನ್ ಆರ್, ಆದರೆ ಆಟದ ಹೂರಣ ಅದೇ. ಇನ್ನೊಂದು ಮೈಕ್ರೋ ಮೇಜಸ್. ಇದು 2019ರ ಆಟ, ಆದರೆ ಜಪಾನಿನ ನಿಂಟೆಂಡೊ ಕಂಪನಿಯ ಹಳೆ ಗೇಮ್ ಯಂತ್ರಕ್ಕೆ ಅಂತಲೇ ಬರೆದದ್ದು. ಪೂರ್ತಿ ಆಟ 40 ಕಿಲೋಬೈಟ್, ನಾಲ್ಕು ಜನ ಆಡಬಹುದು. ನಿಮ್ಮ ವಾಟ್ಸ್‌ಆಪ್‌ಗೆ ಬರುವ ಗುಡ್ ಮಾರ್ನಿಂಗ್ ಫೋಟೋ ಅದಕ್ಕಿಂತ ಜಾಸ್ತಿ ಇರುತ್ತದೆ! ಸ್ಟೀಮ್ ಅನ್ನುವ ಆನ್‌ಲೈನ್ ಗೇಮ್ ಅಂಗಡಿಯಲ್ಲಿ ತಗೊಂಡರೆ ಒಂದು ಕೆಲಸ ನೆನಪಿರಲಿ: ಪ್ರತಿ ಆಟವನ್ನೂ ಒಮ್ಮೆ ತೆರೆದು ನೋಡಿ, ನೆಟ್‌ವರ್ಕ್ ಇರುವಾಗಲೇ ಆಫ್‌ಲೈನ್ ಮೋಡ್‌ಗೆ ಹಾಕಿಡಿ.

ಇದರ ಜೊತೆ ತೊಂಬತ್ತರ ದಶಕದ ನನ್ನ, ಕ್ಯಾಸೆಟ್ ಹಾಕಿ ಆಡುವ ವಿಡಿಯೋ ಗೇಮ್ ಸೆಟ್ ಒಂದು ಇದೆ. ಆಗ ನಮ್ಮ ಕೈಗೆ ಸಿಗುತ್ತಿದ್ದ ಬಹುಪಾಲು ಸೆಟ್‌ಗಳು ನಿಂಟೆಂಡೊದ ನಕಲು, ನಮಗೆ ಅದೆಲ್ಲ ಎಲ್ಲಿ ಗೊತ್ತಿತ್ತು. ಬಾತುಕೋಳಿ ಹೊಡೆಯುವ ಗನ್ ಈಗಿನ ಎಲ್ಇಡಿ ಟಿವಿಯಲ್ಲಿ ಕೆಲಸ ಮಾಡುವುದಿಲ್ಲ, ಅದಕ್ಕೆ ಹಳೆ ದಪ್ಪ ಟಿವಿಯೇ ಬೇಕು. ಆದರೆ ಟ್ಯಾಂಕ್ ಆಟ, ಅಂದರೆ ಬ್ಯಾಟಲ್ ಸಿಟಿ, ಈಗಲೂ ಓಡುತ್ತದೆ. ಮಳೆಗಾಲದಲ್ಲಿ ಕ್ಯಾಸೆಟ್‌ಗೂ ಬೂಷ್ಟು ಹಿಡಿಯುತ್ತದೆ ನಮ್ಮಲ್ಲಿ. ಊದಬೇಡಿ, ಬಾಯಿಯ ತೇವ ಹೋಗಿ ಕೂರುತ್ತದೆ. ಹತ್ತಿಗೆ ಸ್ಪಿರಿಟ್ ಹಚ್ಚಿ ಒರೆಸಿ, ಮುಚ್ಚಳ ಗಟ್ಟಿ ಇರುವ ಡಬ್ಬಿಯಲ್ಲಿ ಇಡಿ.

ಈಗ ಯಾಕೆ ಇಷ್ಟ ಅನ್ನುವ ವಿಷಯ. ಫೋನಿನ ಆಟದಲ್ಲಿ ಪ್ರತಿ ಮಗುವಿಗೂ ಒಂದು ಅಕೌಂಟ್, ಒಂದು ಲೆವೆಲ್, ದುಡ್ಡು ಕೊಟ್ಟು ತಗೊಂಡ ಬಟ್ಟೆ, ಬಂದೂಕು ಇರುತ್ತವೆ. ತಿಂಗಳುಗಟ್ಟಲೆ ಆಡಿದವನ ಪಕ್ಕದಲ್ಲಿ ಇವತ್ತು ಬಂದವನು ಏನೂ ಅಲ್ಲ. ಬಾಂಬರ್‌ಮ್ಯಾನ್‌ನಲ್ಲಿ ಪ್ರತಿ ಸುತ್ತಿನಲ್ಲೂ ಎಲ್ಲರ ಕೈಯಲ್ಲಿ ಒಂದೇ ಬಾಂಬ್. ಸುತ್ತು ಒಂದೆರಡು ನಿಮಿಷ, ಆಮೇಲೆ ಮತ್ತೆ ಎಲ್ಲರೂ ಸೊನ್ನೆ. ಒಂದು ರಾತ್ರಿಗೆ ಬಂದ ಅತಿಥಿ ಮಗುವೂ, ವಾರವಿಡೀ ಇಲ್ಲೇ ಆಡುವ ನಮ್ಮ ಅಣ್ಣನ ಮಗನೂ ಒಂದೇ ಕಡೆ ನಿಂತು ಶುರು ಮಾಡುತ್ತಾರೆ. ಕೈಚಳಕದ ವ್ಯತ್ಯಾಸ ಇದ್ದೇ ಇರುತ್ತದೆ, ಅದಕ್ಕೆ ಮಕ್ಕಳೇ ಕಾನೂನು ಮಾಡಿಕೊಂಡಿದ್ದಾರೆ. ಗೆದ್ದವನಿಗೆ ಮುಂದಿನ ಸುತ್ತಿನಲ್ಲಿ ಎಡಗಡೆ ಬಟನ್ ಬಿಗಿಯಾಗಿರುವ ಜಾಯ್‌ಸ್ಟಿಕ್. ಅದನ್ನು ರಿಪೇರಿ ಮಾಡಿಸಲು ನನಗೆ ಬಿಡುತ್ತಿಲ್ಲ!

ಸೋತವರಿಗೂ ಕೆಲಸ ಇರುತ್ತದೆ. ಬಾಂಬರ್‌ಮ್ಯಾನ್‌ನಲ್ಲಿ ಸತ್ತವರು ಅಂಚಿನಲ್ಲಿ ಗಾಡಿ ಹತ್ತಿ ಒಳಗೆ ಬಾಂಬ್ ಎಸೆಯಬಹುದು. ಮೈಕ್ರೋ ಮೇಜಸ್‌ನಲ್ಲಿ ಭೂತವಾಗಿ ಸುತ್ತುತ್ತಾ ಉಳಿದವರಿಗೆ ಸಹಾಯ ಮಾಡಬಹುದು. ಸರದಿ ಕಾಯುವವರೂ ಸುಮ್ನೆ ಕೂರುವುದಿಲ್ಲ. ಇರುವುದು ಒಂದೇ ಪರದೆ, ಎಲ್ಲರಿಗೂ ಎಲ್ಲವೂ ಕಾಣುತ್ತದೆ, ಹಾಗಾಗಿ ಸೋಫಾ ಹಿಂದೆ ನಿಂತು ಸಲಹೆ ಕೊಡುವವರ ಗಲಾಟೆಯೇ ಜಾಸ್ತಿ. ಕೊಡವ ತಕ್ಕ್, ಕನ್ನಡ, ಇಂಗ್ಲಿಷ್, ಹಿಂದಿ ಎಲ್ಲ ಸೇರಿರುತ್ತದೆ. ಕಾಂಟ್ರಾದಲ್ಲಿ ಮೂರೇ ಜೀವ ಅಂತ ಬೆಂಗಳೂರಿನ ಹುಡುಗಿ ಅಳುಮುಖ ಮಾಡಿದಾಗ ಅಸ್ಸಾಂನಿಂದ ತೋಟದ ಕೆಲಸಕ್ಕೆ ಬಂದವರ ಮಗ ಒಂದೂ ಮಾತಾಡದೆ ಜಾಯ್‌ಸ್ಟಿಕ್ ಇಸ್ಕೊಂಡು ಮೇಲೆ ಮೇಲೆ ಕೆಳಗೆ ಕೆಳಗೆ ಎಡ ಬಲ ಎಡ ಬಲ ಬಿ ಎ ಅಂತ ಗುಟ್ಟಿನ ಕ್ರಮದಲ್ಲಿ ಬಟನ್ ಒತ್ತಿ ಮೂವತ್ತು ಜೀವ ಮಾಡಿಕೊಟ್ಟ. ಅವತ್ತಿಡೀ ಅವನೇ ಹೀರೋ.

ಜಗಳ ಆಗಲ್ವಾ ಅಂದರೆ ಆಗುತ್ತದೆ. ಕಾಂಟ್ರಾದ ಜಲಪಾತದ ಹಂತದಲ್ಲಿ ಒಬ್ಬ ಬೇಗ ಬೇಗ ಮೇಲೆ ಹತ್ತಿದರೆ ಪರದೆ ಮೇಲೆ ಸರಿದು ಕೆಳಗಿದ್ದವನು ಸಾಯುತ್ತಾನೆ. ಟ್ಯಾಂಕ್ ಆಟದಲ್ಲಿ ಜೊತೆಗಾರನಿಗೆ ಗುಂಡು ಬಿದ್ದರೆ ಅವನು ಸ್ವಲ್ಪ ಹೊತ್ತು ಅಲ್ಲಾಡುವ ಹಾಗಿಲ್ಲ, ನಮ್ಮದೇ ಗುಂಡು ನಾವು ಕಾಯಬೇಕಾದ ಹದ್ದಿನ ಗುರುತಿಗೆ ಬಿದ್ದರೆ ಆಟವೇ ಮುಗಿಯಿತು. ನಾನು ಮಧ್ಯೆ ಹೋಗುವುದಿಲ್ಲ. ಎದುರಿಗಿರುವವನ ಜೊತೆ ಜಗಳ ಆಡಿ, ಮತ್ತೆ ಅವನ ಜೊತೆಯೇ ಆಡಬೇಕಲ್ಲ, ಬೇಗ ಇತ್ಯರ್ಥ ಆಗುತ್ತದೆ.

ಹಳೆಯದೆಲ್ಲ ಚೆನ್ನಾಗಿದೆ ಅಂತ ನಾನು ಹೇಳುವುದಿಲ್ಲ. ಹಿಮದ ಬೆಟ್ಟ ಹತ್ತುವ ಆಟ ಐಸ್ ಕ್ಲೈಂಬರ್ ಯಾರಿಗೂ ಹಿಡಿಸಲಿಲ್ಲ, ಹಾರಿದ್ದು ಒಂದು ಕಡೆ, ಬೀಳುವುದು ಇನ್ನೊಂದು ಕಡೆ. ಕುಸ್ತಿ, ಕರಾಟೆ ಆಟಗಳಲ್ಲಿ ಗುಟ್ಟಿನ ಪಟ್ಟು ಗೊತ್ತಿರುವವನೇ ಗೆಲ್ಲುತ್ತಾನೆ, ಹೊಸಬರು ಎದ್ದು ಹೋಗುತ್ತಾರೆ. ಒಬ್ಬರೇ ಆಡುವ ಆಟಗಳನ್ನಂತೂ ತೆಗೆದೇ ಹಾಕಿದೆ.

ಹೊರಡುವಾಗ ಕೆಲವು ಅಪ್ಪ ಅಮ್ಮಂದಿರು ಆಟಗಳ ಹೆಸರು ಬರೆದುಕೊಂಡು ಹೋಗುತ್ತಾರೆ. ಮೊದಲು ಎರಡನೇ ಜಾಯ್‌ಸ್ಟಿಕ್ ತಗೊಳ್ಳಿ ಅಂತೀನಿ. ಮನೆಯಲ್ಲಿ ಒಂದೇ ಮಗು ಇದ್ದರೆ ಪಕ್ಕದ ಮನೆಯವರನ್ನು ಕರೆಯಿರಿ, ಇಲ್ಲದಿದ್ದರೆ ದುಡ್ಡು ದಂಡ, ಅರ್ಧ ಗಂಟೆಯಲ್ಲಿ ಬೋರ್ ಅಂತ ಮಗು ಮತ್ತೆ ಫೋನ್ ಕೇಳುತ್ತದೆ.